ಅವ್ವ ಹೊರಗೆ ಕೂತ ಬೇಸಿಗೆ

ಆಗೆಲ್ಲ ನಮ್ಮ ಕಡೆ ಕೋಳಿ ಕುಯ್ದರೆ ಸಾರು ಮಾಡುವುದೊಂದೇ ಗೊತ್ತಿದ್ದದ್ದು. ಭಾನುವಾರ ಬಂತೆಂದರೆ ಭೀಮನಬೀಡಿನ ನಮ್ಮ ಬೀದಿಯ ಒಂದೊಂದು ಮನೆಯಿಂದಲೂ ಖಾರ ಅರೆಯುವ ಸದ್ದು. ಹತ್ತು ಗಂಟೆಗೆಲ್ಲ ಕೊಬ್ಬರಿ, ಗಸಗಸೆ ಹುರಿದ ಘಮ. ಮಧ್ಯಾಹ್ನಕ್ಕೆ ಬಿಸಿ ಮುದ್ದೆ. ಕೋಳಿಯನ್ನು ಇಡಿಯಾಗಿ ಕೆಂಡದ ಮೇಲೆ ಮಲಗಿಸಿ ಸುಟ್ಟು ತಿನ್ನಬಹುದು ಎಂದು ನಮ್ಮ ಬೀದಿಗೆ ತೋರಿಸಿದವನು ನಮ್ಮಪ್ಪ. ಈಗ ಗುಂಡ್ಲುಪೇಟೆ ದಾಟಿ ಬಂಡೀಪುರದ ಕಡೆ ಹೊರಟರೆ ಸಂಜೆ ಹೊತ್ತಿಗೆ ರಸ್ತೆಯ ಎರಡೂ ಬದಿ ಹೊಗೆ ಏಳುತ್ತಿರುತ್ತದೆ, ಹೋಟೆಲುಗಳ ಮುಂದೆ ಕಂಬಿಗೆ ಸಿಕ್ಕಿಸಿದ ಕೋಳಿಗಳು ಸಾಲಾಗಿ ತಿರುಗುತ್ತಿರುತ್ತವೆ. ನಾನು ಬಸ್ ಕಂಡಕ್ಟರ್. ಆ ದಾರಿಯಲ್ಲಿ ಡ್ಯೂಟಿ ಬಿದ್ದ ದಿನ ಕಿಟಕಿ ಪಕ್ಕ ಕೂತವರಿಗೆ, "ಗಾಜು ಎಳ್ಕಳಿ, ಧೂಳು ಬತ್ತದೆ" ಅನ್ನುತ್ತೇನೆ. ಧೂಳೇನೂ ಬರುವುದಿಲ್ಲ.

ಅಪ್ಪ ಗೂಡ್ಸ್ ಗಾಡಿ ಡ್ರೈವರ್. ಗುಂಡ್ಲುಪೇಟೆ ಮಾರ್ಕೆಟ್ಟಿನಲ್ಲಿ ಟೊಮೆಟೊ, ಬೀನ್ಸು, ಎಲೆಕೋಸು ತುಂಬಿಕೊಂಡು ಕೇರಳದ ಬತ್ತೇರಿಗೆ, ಕಲ್ಲಿಕೋಟೆಗೆ ಹೋಗುತ್ತಿದ್ದ. ಕತ್ತಲಾದ ಮೇಲೆ ಬಂಡೀಪುರ ಕಾಡಿನ ಗೇಟು ಹಾಕಿಬಿಡುತ್ತಾರೆ. ಲೋಡು ತಡವಾದರೆ ಗೇಟಿನ ಈಚೆಯೋ ಆಚೆಯೋ ಗಾಡಿಯಲ್ಲೇ ಮಲಗಬೇಕು. ವಾರಕ್ಕೆ ಎರಡು ಸಲ ಮನೆಗೆ ಬಂದರೆ ಹೆಚ್ಚು, ಬಂದರೂ ನಿದ್ದೆ. ಹತ್ತು ವರ್ಷದವರೆಗೂ ನನ್ನ ಪಾಲಿಗೆ ಅಪ್ಪ ಎಂದರೆ ಹಿತ್ತಲ ತಂತಿಯ ಮೇಲೆ ಒಣಗಲು ಹಾಕಿದ ಒಂದು ಖಾಕಿ ಅಂಗಿ.

ನನಗೆ ಹನ್ನೊಂದು ತುಂಬಿದ ವರ್ಷ, ಶಿವರಾತ್ರಿ ಕಳೆದ ಮೇಲೆ, ಅವ್ವನನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಹೊಟ್ಟೆಯಲ್ಲಿ ಗಡ್ಡೆ ಅಂದರು. ನನ್ನನ್ನೂ ಐದು ವರ್ಷದ ತಮ್ಮ ಮಾದೇಶನನ್ನೂ ನೋಡಿಕೊಳ್ಳಲು ಉಮ್ಮತ್ತೂರಿನಿಂದ ಅಜ್ಜಿ, ಅವ್ವನ ಅವ್ವ, ಬಂದಿತ್ತು. ಹದಿನೈದು ದಿನಕ್ಕೆ ಅಪ್ಪ ಅವ್ವನನ್ನು ತನ್ನ ಗಾಡಿಯಲ್ಲೇ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ತಲೆದಿಂಬು ಒರಗಿಸಿ, ಎತ್ತಿನ ಗಾಡಿಯ ಹಾಗೆ ನಿಧಾನವಾಗಿ ಓಡಿಸಿಕೊಂಡು ಬಂದ.

"ಗಡ್ಡೆ ತೆಗೆದುಬುಟ್ರಾ?" ಅಂತ ಕೇಳಿದೆ.

"ಊಂ ಕಣವ್ವ," ಅಂದ ಅಪ್ಪ.

ಅಜ್ಜಿ ಪಥ್ಯ ಏನು ಎಂದು ವಿಚಾರಿಸಿತು. ನಮ್ಮ ಕಡೆ ಬಾಣಂತಿಗೂ ಪಥ್ಯ, ಜ್ವರಕ್ಕೂ ಪಥ್ಯ. ಅಪ್ಪ ಚೀಲ ಇಳಿಸುತ್ತಾ, ಅಜ್ಜಿಯ ಮುಖ ನೋಡದೆ ಹೇಳಿದ: "ಪಥ್ಯ ಏನೂ ಇಲ್ವಂತೆ ಅತ್ತೆ. ಬಾಯ್ಗೆ ಏನ್ ರುಚಿ ಆಯ್ತದೋ ಅದ ಕೊಡಿ ಅಂದವ್ರೆ."

ಅಜ್ಜಿ ಅಲ್ಲೇ ಜಗಲಿಯ ಮೇಲೆ ಕುಸಿದು ಕೂತು ಸೆರಗನ್ನು ಬಾಯಿಗೆ ತುರುಕಿಕೊಂಡಿತು. ನನಗೆ ಅರ್ಥವಾಗಲಿಲ್ಲ. ಪಥ್ಯ ಇಲ್ಲ ಅಂದರೆ ಒಳ್ಳೆಯದೇ ತಾನೇ? ನಾನು ಓಡಿಹೋಗಿ ಪಕ್ಕದ ಮನೆಯವರಿಗೆಲ್ಲ ಹೇಳಿ ಬಂದೆ, "ನಮ್ಮವ್ವಂಗೆ ಪಥ್ಯನೇ ಇಲ್ಲ, ಏನ್ ಬೇಕಾದ್ರೂ ತಿನ್ಬೌದು!"

ಆದರೆ ಅವ್ವನಿಗೆ ಏನೂ ತಿನ್ನಲಾಗುತ್ತಿರಲಿಲ್ಲ. ಒಳಗೆ ಒಗ್ಗರಣೆ ಚಟಪಟ ಅಂದರೆ ಸಾಕು, ನಡುಮನೆಯಲ್ಲಿ ಮಲಗಿದ್ದವಳು ಎದ್ದು ಗೋಡೆ ಹಿಡಿದುಕೊಂಡು ಹೊರಗೋಡುತ್ತಿದ್ದಳು. ಎಣ್ಣೆ ಕಾದ ವಾಸನೆ, ಈರುಳ್ಳಿ ಬಾಡಿದ ವಾಸನೆ, ಅನ್ನ ಬಸಿದ ಗಂಜಿಯ ವಾಸನೆ, ಯಾವುದೂ ಆಗದು. ನಮ್ಮದು ಒಂದು ನಡುಮನೆ, ಒಂದು ಅಡುಗೆಮನೆಯ ಮನೆ. ವಾಸನೆಗೆ ಹೋಗಲು ಬೇರೆ ದಾರಿ ಇಲ್ಲ. ನಾಲ್ಕನೇ ದಿನ ಅಪ್ಪ ನಾನು ಒಲೆಯ ಮೇಲಿಟ್ಟಿದ್ದ ಬಾಣಲೆಯನ್ನು ಇಕ್ಕಳದಲ್ಲಿ ಹಿಡಿದು ಹಿತ್ತಲಿಗೆ ತಂದು ನೆಲಕ್ಕೆ ಕುಕ್ಕಿದ.

"ಇನ್ಮೇಲೆ ಒಳಗೆ ಒಲೆ ಅಚ್ಚದೇ ಬ್ಯಾಡ," ಅಂದ.

ಅವತ್ತೇ ಗುಂಡ್ಲುಪೇಟೆಗೆ ಹೋಗಿ ಗುಜರಿ ಅಂಗಡಿಯಿಂದ ಹಳೇ ಫ್ರಿಜ್ಜಿನ ಕಂಬಿ ತಟ್ಟೆಯೊಂದನ್ನು ತಂದ. ಬೂದಿ ಹಾಕಿ ಉಜ್ಜಿ, ಬೆಂಕಿಯಲ್ಲಿ ಕೆಂಪಗಾಗುವವರೆಗೆ ಕಾಯಿಸಿದ. ಹಿತ್ತಲಿನಲ್ಲಿ ನಾಲ್ಕು ಸೈಜುಗಲ್ಲು ಇಟ್ಟು ಅದರ ಮೇಲೆ ಕಂಬಿ ಕೂರಿಸಿದ. ಅವ್ವನ ಮಂಚವನ್ನೂ ಅಲ್ಲಿಗೇ ಹೊತ್ತು ತಂದ. ಬತ್ತೇರಿಯ ಹೋಟೆಲೊಂದರಲ್ಲಿ ಅಡುಗೆ ಮಾಡುವವನೊಬ್ಬ ಅಪ್ಪನಿಗೆ ಸ್ನೇಹಿತ. ಅವನನ್ನು ಅಪ್ಪ 'ಇಕ್ಕ' ಅನ್ನುತ್ತಿದ್ದ. ಮಲಯಾಳದವರಿಗೆ ಅದು ಅಣ್ಣ ಅಂದ ಹಾಗೆ. ಆ ಇಕ್ಕ ಕೋಳಿ ಸುಡುವುದನ್ನು ವರ್ಷಗಟ್ಟಲೆ ನೋಡಿದ್ದ ಅಪ್ಪ, ಮನೆಯಲ್ಲಿ ಒಂದು ದಿನವೂ ಸೌಟು ಹಿಡಿದಿರಲಿಲ್ಲ. ಅವತ್ತು ಒರಳಿನ ಮುಂದೆ ಕೂತು ಮೆಣಸು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಅರೆದ. ನಿಂಬೆಹಣ್ಣು ಹಿಂಡಿ, ಮೊಸರು ಕಲೆಸಿದ. ಕೋಳಿಯ ಮೈಗೆ ಉದ್ದುದ್ದ ಗೀರು ಹಾಕಿ ಒಳಗೆಲ್ಲ ಮೆತ್ತಿದ. ಜಾಲಿ ಸೌದೆ ಉರಿದು ಕೆಂಡವಾಗಲು ಬಿಟ್ಟ.

"ಉರಿ ಇದ್ರೆ ಕರ್ರಗಾಯ್ತದೆ, ಬೇಯಕ್ಕಿಲ್ಲ. ಕೆಂಡ ಬೇಕು. ಕೆಂಡದ ಮೇಲೆ ಬೂದಿ ಬೆಳ್ಳಗೆ ಬರ್ಬೇಕು," ಅಂತ ನನಗೂ ಮಾದೇಶನಿಗೂ ಪಾಠ ಹೇಳಿದ. ಅಪ್ಪ ನನಗೆ ಹೇಳಿಕೊಟ್ಟ ಮೊದಲ ವಿದ್ಯೆ ಅದು.

ಕೊಬ್ಬು ಕರಗಿ ಕೆಂಡಕ್ಕೆ ಬಿದ್ದಾಗ ಚುಸ್ ಅನ್ನುತ್ತಿತ್ತು. ಒಂದೊಂದು ಚುಸ್ಸಿಗೂ ಮಾದೇಶ ಕುಣಿಯುತ್ತಿದ್ದ. ತೊಗಲು ಉಬ್ಬಿ, ಗುಳ್ಳೆಯಾಗಿ, ಒಡೆದು, ಅಂಚಿನಲ್ಲಿ ಕಪ್ಪಗಾಯಿತು. ಗಾಳಿ ತೆಂಕಲಿಂದ ಬೀಸಿ ಹೊಗೆಯನ್ನು ಹೊಲದ ಕಡೆಗೆ ಒಯ್ಯುತ್ತಿತ್ತು. ನಮ್ಮಿಬ್ಬರಿಗೆ ಜಗಳ, ಸುಟ್ಟ ತೊಗಲಿಗಾಗಿ. ಅಪ್ಪ ಎದೆಯ ಮಾಂಸವನ್ನು ನೂಲು ನೂಲಾಗಿ ಸೀಳಿ, ಊದಿ ಊದಿ, ಅವ್ವನ ಕೈಗೆ ಕೊಡುತ್ತಿದ್ದ. ಆಮೇಲೆ ಮೊಬೈಲು ತೆಗೆದು, ಮನೆ ನೋಡಿ ಬರಲೆಂದು ಎರಡು ದಿನದ ಹಿಂದೆಯಷ್ಟೇ ಊರಿಗೆ ಹೋಗಿದ್ದ ಅಜ್ಜಿಯ ಪಕ್ಕದ ಮನೆಯವರ ಫೋನಿಗೆ ಹಚ್ಚಿ ಕೂಗಿದ:

"ಅತ್ತೆ, ಮೂರು ತುಂಡು ತಿಂದ್ಲು! ಊಂ... ಮೂರು! ಒಳಗೇ ಉಳ್ಕಂಡದೆ!"

ಮಾರನೆಯ ದಿನ ಮಧ್ಯಾಹ್ನಕ್ಕೆ ಅಜ್ಜಿ ಹಾಜರು. ಉಮ್ಮತ್ತೂರಿನಿಂದ ಚಾಮರಾಜನಗರಕ್ಕೆ ಒಂದು ಬಸ್ಸು, ಅಲ್ಲಿಂದ ಗುಂಡ್ಲುಪೇಟೆಗೆ ಒಂದು, ಮತ್ತೆ ನಮ್ಮೂರಿಗೆ ಇನ್ನೊಂದು. ಮೂರು ಬಸ್ಸಿನಲ್ಲೂ ಕಂಕುಳಲ್ಲಿ ಒಂದು ಚೀಲ, ಚೀಲದ ಬಾಯಿಂದ ಎರಡು ಹುಂಜದ ತಲೆ.

ಹಾಗೆ ಶುರುವಾಯಿತು ನೋಡಿ. ಅಪ್ಪ ಗಾಡಿಯ ಬೀಗದಕೈಯನ್ನು ಓನರಿಗೆ ಕೊಟ್ಟು ಬಂದುಬಿಟ್ಟ. ಶಾಲೆಗೆ ಬೇಸಿಗೆ ರಜೆ. ದಿನಾ ಸಂಜೆ ನಾಲ್ಕಕ್ಕೆ ಕೆಂಡ, ಹೊತ್ತು ಮುಳುಗುವ ಮುಂಚೆ ಊಟ. ಕೋಳಿ ದಿನಾ ಎಲ್ಲಿಂದ ಬರಬೇಕು? ಕೆರೆಯಲ್ಲಿ ಬಲೆ ಹಾಕುವವರ ಹತ್ತಿರ ಜಿಲೇಬಿ ಮೀನು ತಂದು, ಹುಣಸೆಹಣ್ಣು ಖಾರ ಸವರಿ ಸುಡುತ್ತಿದ್ದ. ಮೀನೂ ಇಲ್ಲದ ದಿನ ಗೆಣಸು, ಮುಸುಕಿನ ಜೋಳ, ಇಡೀ ಈರುಳ್ಳಿ, ಟೊಮೆಟೊ. ಅಜ್ಜಿ ಪಕ್ಕದಲ್ಲಿ ಮೂರು ಕಲ್ಲು ಹೂಡಿ ಮುದ್ದೆ ತಿರುವುತ್ತಿತ್ತು. ಸುಟ್ಟ ಬದನೆಕಾಯಿಯ ಸಿಪ್ಪೆ ಬಿಡಿಸಿ, ಉಪ್ಪು ಹಸಿಮೆಣಸು ಹಾಕಿ ಕಿವುಚಿದ ಗೊಜ್ಜು ಅವ್ವನಿಗೆ ಸೇರುತ್ತಿತ್ತು.

ಬದನೆಕಾಯಿ ಶಿವಮ್ಮಣ್ಣಿಯವರ ಹೊಲದ್ದು. ಅವರು ಮೇಗಲ ಬೀದಿಯವರು, ದಿನಾ ಲಿಂಗಪೂಜೆ ಮಾಡುವವರು. ಅವ್ವ ಅವರ ಹೊಲದಲ್ಲಿ ಕಳೆ ಕೀಳಲು ಹೋಗುತ್ತಿದ್ದಳು. ಮೊದಲು ಆಳಿನ ಕೈಲಿ ಕಳಿಸಿದರು. ಆಮೇಲೆ ತಾವೇ ಮೊರದಲ್ಲಿ ತಂದು ಬೇಲಿಯ ಆಚೆ, ಗಾಳಿಗೆ ಎದುರಾಗಿ ನಿಂತರು, ಮೂಗಿಗೆ ಸೆರಗು ಅಡ್ಡ ಹಿಡಿದು.

"ಚಿಕ್ಕತಾಯಿ, ಹೆಂಗಿದ್ದೀಯೆ?" ಅಂದರು. ಚಿಕ್ಕತಾಯಿ ನಮ್ಮವ್ವನ ಹೆಸರು.

"ಇವ್ನಿ ಕಣಮ್ಮಣ್ಣಿ. ನಿಮ್ಗೆ ವಾಸ್ನೆ ಆಗಕ್ಕಿಲ್ಲ, ಓಗಿ."

"ಹೋಯ್ತೀನಿ ಬುಡು," ಅಂದರೇ ಹೊರತು ಹೋಗಲಿಲ್ಲ. ಮೂರನೇ ಸಲ ಬಂದಾಗ ಬೇಲಿಯ ಸಂದಿಯಿಂದ ಒಳಗೆ ಬಂದು ಅವ್ವನ ಮಂಚದ ತುದಿಯಲ್ಲಿ ಕೂತೇಬಿಟ್ಟರು. ಅಪ್ಪನಿಗೆ ಗಾಬರಿ. ಕಂಬಿಯ ಮೇಲಿದ್ದ ಮೀನನ್ನು ತೆಗೆಯಲು ಹೋದ. "ಇರ್ಲಿ ಬುಡು ರಾಜಪ್ಪ. ಅವಳು ತಿನ್ಲಿ. ನಾನು ನೋಡ್ತೀನಿ," ಅಂದರು. ಅವರು ನಮ್ಮ ಮನೆಯಲ್ಲಿ ಕೂತದ್ದು ಅದೇ ಮೊದಲು. ನಮ್ಮ ಬೀದಿಯವರು ವಾರಗಟ್ಟಲೆ ಅದನ್ನೇ ಮಾತಾಡಿದರು. ನನಗಂತೂ ಹೆಮ್ಮೆಯೋ ಹೆಮ್ಮೆ. ಅವ್ವನಿಗೆ ಕಾಯಿಲೆ ಬಂದದ್ದರಿಂದ ನಮ್ಮ ಮನೆಯ ಕಿಮ್ಮತ್ತೇ ಹೆಚ್ಚಿತೆಂದು ಒಳಗೊಳಗೇ ಬೀಗಿದೆ.

ಕೆಂಡ ಆಗುವ ತನಕ ಅವ್ವನೂ ನಾನೂ ಹುಣಸೆಬೀಜದಲ್ಲಿ ಅಳಿಗುಳಿಮಣೆ ಆಡುತ್ತಿದ್ದೆವು. ಅವ್ವನ ಕೈ ಚೆನ್ನಾಗಿ ನೆನಪಿದೆ. ಕಳೆ ಕಿತ್ತು ಕಿತ್ತು ಉಗುರಿನ ಸುತ್ತ ಕಪ್ಪಗೆ ಬಿರುಕು ಬಿಟ್ಟಿದ್ದ ಕೈ, ಆ ಎರಡು ತಿಂಗಳಲ್ಲಿ ಮಣ್ಣು ಮುಟ್ಟದೆ ಮೆತ್ತಗಾಗಿ ಬೆಳ್ಳಗಾಯಿತು. ಬಳೆ ಮೊಣಕೈವರೆಗೂ ಜಾರುತ್ತಿತ್ತು. "ಅವ್ವ, ನಿನ್ ಕೈ ಟೀಚರ್ ಕೈ ಆದಂಗದೆ," ಅಂದಿದ್ದೆ ಒಂದು ಸಲ.

ನನ್ನ ಬಾಲ್ಯದಲ್ಲಿ ಅಷ್ಟು ಖುಷಿಯ ಕಾಲ ಇನ್ನೊಂದಿಲ್ಲ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ನಿಜ. ಅಪ್ಪ ದಿನವಿಡೀ ಮನೆಯಲ್ಲಿ. ಅಜ್ಜಿ ಜೊತೆಗೆ. ಅವ್ವ ಕೂಲಿಗೆ ಹೋಗದೆ, ಬೈಯದೆ, ಕೈಗೆ ಸಿಗುವ ಹಾಗೆ ಕೂತಿದ್ದಾಳೆ. ದಿನಾ ಹಬ್ಬ.

ಅದಕ್ಕೇ ಆ ಮಾತು ನನ್ನ ಬಾಯಿಂದ ಬಂತು.

ಯುಗಾದಿ ಕಳೆದು ಎಷ್ಟೋ ದಿನವಾಗಿತ್ತು. ಒಂದು ಬೆಳಿಗ್ಗೆ ಅವ್ವ ತಾನಾಗಿಯೇ ಎದ್ದು, ಮುಖ ತೊಳೆದು, ತಲೆ ಬಾಚಿಕೊಂಡು ಅಡುಗೆಮನೆಗೆ ಹೋದಳು. ಅಷ್ಟು ದಿನ ತಣ್ಣಗಿದ್ದ ಒಲೆಯ ಬೂದಿ ಬಾಚಿ, ಎರಡು ಸೌದೆ ಇಟ್ಟು ಬೆಂಕಿ ಹಚ್ಚಿದಳು. ಸೊಪ್ಪಿನ ಸಾರು ಮಾಡುತ್ತೇನೆ ಅಂದಳಂತೆ. ಅಪ್ಪನ ಮುಖದಲ್ಲಿ ಅಂಥ ಬೆಳಕನ್ನು ನಾನು ಕಂಡಿರಲಿಲ್ಲ. ಅಜ್ಜಿ ದೇವರ ಪಟಕ್ಕೆ ಕೈಮುಗಿಯುತ್ತಾ ನಿಂತಿತ್ತು. ನಾನು ಮಾತ್ರ ಅಡುಗೆಮನೆಗೆ ನುಗ್ಗಿದೆ. ಅವ್ವ ನನಗೆ ಬೆನ್ನು ಮಾಡಿ ಒಲೆ ಊದುತ್ತಿದ್ದಳು.

"ನೀನು ಒಲೆ ಅಚ್ಬ್ಯಾಡ ಕಣವ್ವ," ಅಂದೆ.

"ಯಾಕಮ್ಮಿ?"

"ನಿಂಗೆ ವಾಸಿ ಆಗ್ಬುಟ್ರೆ ಅಪ್ಪ ಗಾಡಿ ತಕ್ಕೊಂಡು ಒಂಟೋಯ್ತಾನೆ. ಅಜ್ಜಿನೂ ಒಂಟೋಯ್ತದೆ. ಆಮೇಲೆ ಕೋಳಿ ಸುಡೋದೇ ಇಲ್ಲ. ನೀನು ಇಂಗೇ ಇರು."

ಊದುವ ಸದ್ದು ನಿಂತಿತು. ಸೌದೆ ಚಿಟ್ ಅಂದಿತು. ಅವ್ವ ತಿರುಗಲಿಲ್ಲ.

"ಆಯ್ತು ಬುಡು," ಅಂದಳು. "ಇಂಗೇ ಇರ್ತೀನಿ."

ಒಲೆಯಿಂದ ಸೌದೆ ಹಿಂದಕ್ಕೆ ಎಳೆದು ನೀರು ಚಿಮುಕಿಸಿದಳು. ಹೊರಗೆ ಬಂದು ಅಪ್ಪನಿಗೆ, "ಆಗಕ್ಕಿಲ್ಲ ಕಣಯ್ಯ, ವಾಸ್ನೆ ತಡ್ಯಕ್ಕೆ ಆಗಕ್ಕಿಲ್ಲ," ಅಂದಳು. ನಿಜವಾಗಲೂ ಆಗಲಿಲ್ಲವೋ, ನನಗಾಗಿ ಹಾಗೆ ಅಂದಳೋ, ನನಗೆ ಗೊತ್ತಿಲ್ಲ. ಅವತ್ತು ಸಂಜೆ ಅಪ್ಪ ಎಂದಿನಂತೆ ಕಂಬಿ ಇಟ್ಟ. ನಾನು ಗೆದ್ದವಳ ಹಾಗೆ ಎರಡು ಕಾಲು ತಿಂದೆ.

ಈ ಮಾತನ್ನು ಅಪ್ಪನಿಗೆ ಹೇಳಿಲ್ಲ, ತಮ್ಮನಿಗೆ ಹೇಳಿಲ್ಲ, ಕಟ್ಟಿಕೊಂಡ ಗಂಡನಿಗೂ ಹೇಳಿಲ್ಲ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ಮೊದಲ ಮಳೆ ಬಂದ ವಾರ ಅವ್ವನಿಗೆ ಎದ್ದು ಕೂರುವುದು ನಿಂತಿತು. ಮಂಚವನ್ನು ಒಳಗೆ ತಂದರು. ಅಪ್ಪ ಬಾಗಿಲ ಬಳಿ ಕೊಡೆ ಅಡ್ಡ ಹಿಡಿದು ಕೆಂಡ ಮಾಡಿ, ಒಂದು ತುಂಡು ಮೀನು ಸುಟ್ಟು ತಂದ. ತುಟಿಗೆ ಮುಟ್ಟಿಸಿದ. ಅವ್ವ ಬಾಯಿ ತೆರೆಯಲಿಲ್ಲ. ಶಾಲೆ ಬಾಗಿಲು ತೆಗೆದ ಎರಡನೇ ದಿನ, ಪ್ರಾರ್ಥನೆ ಮುಗಿದು ಹಾಜರಿ ಕರೆಯುವ ಹೊತ್ತಿಗೆ ಶಿವಮ್ಮಣ್ಣಿಯವರ ಮಗ ಬೈಕಿನಲ್ಲಿ ಬಂದು ನನ್ನನ್ನು ಕರೆದುಕೊಂಡು ಹೋದ. ಮನೆ ಮುಂದೆ ಅಷ್ಟೊಂದು ಚಪ್ಪಲಿ ನೋಡಿ ನನಗೆ ಗೊತ್ತಾಯಿತು.

ಹನ್ನೊಂದನೇ ದಿನ ತಿಥಿ. ಸತ್ತವರಿಗೆ ಇಷ್ಟವಾದದ್ದನ್ನು ಎಡೆಗೆ ಇಡುವುದು ನಮ್ಮಲ್ಲಿ ವಾಡಿಕೆ. ನೆಂಟರು ಸಾರು ಸಾಕು ಅಂದರು. ಅಜ್ಜಿ ಕೇಳಲಿಲ್ಲ. "ನನ್ ಮಗ್ಳು ಕೊನೆಗೆ ತಿಂದದ್ದು ಸುಟ್ಟದ್ದೇ. ಅದ್ನೇ ಮಡಗ್ಬೇಕು," ಅಂತ ಹಟ ಹಿಡಿಯಿತು. ಅಪ್ಪ ತಲೆ ಬೋಳಿಸಿಕೊಂಡು ನಿಂತಿದ್ದ. ಕೆಂಡ ಮಾಡಿದ. ಖಾರ ಸವರಿದ. ಕೋಳಿಯನ್ನು ಕೈಯಲ್ಲಿ ಹಿಡಿದವನು ಕಂಬಿಯ ಮೇಲಿಡಲಾಗದೆ ಹಾಗೇ ನಿಂತುಬಿಟ್ಟ. "ನಂಗಾಗಕ್ಕಿಲ್ಲ ಅತ್ತೆ," ಅಂದ. ಅಜ್ಜಿಯೇ ಇಸಿದುಕೊಂಡು ಸುಟ್ಟಿತು. ಅದಕ್ಕೆ ಅಭ್ಯಾಸವಿಲ್ಲ. ಒಂದು ಪಕ್ಕ ಸೀದು ಹೋಯಿತು.

ಎಡೆ ಇಟ್ಟು, ಬಾಗಿಲು ಮುಂದೆ ಮಾಡಿ, ಎಲ್ಲರೂ ಹೊರಗೆ ಕಾದೆವು. ಬಾಗಿಲು ತೆರೆದು ನಮ್ಮನ್ನೆಲ್ಲ ಊಟಕ್ಕೆ ಕೂರಿಸಿದಾಗ ಮಾದೇಶ ತನ್ನ ಎಲೆಯಲ್ಲಿದ್ದ ಸುಟ್ಟ ತೊಗಲನ್ನು ಎತ್ತಿ, ನಮ್ಮಪ್ಪನ ಹಾಗೆಯೇ ಉಫ್ ಉಫ್ ಅಂತ ಊದಿ, ಎಲೆಯ ಅಂಚಿನಲ್ಲಿ ಬೇರೆ ಇಟ್ಟ.

"ಯಾಕ್ಲಾ, ತಿನ್ನು," ಅಂತು ಅಜ್ಜಿ.

"ಇದು ಅವ್ವಂಗೆ. ಆಸ್ಪತ್ರೆಯಿಂದ ಬತ್ತದಲ್ಲ, ಆಗ," ಅಂದ.



ಅಪ್ಪ ಮತ್ತೆ ಗಾಡಿ ಹತ್ತಿದ. ಕಂಬಿ ತಟ್ಟೆ ಹಿತ್ತಲಲ್ಲಿ ತುಕ್ಕು ಹಿಡಿದು, ಯಾವಾಗಲೋ ಗುಜರಿಗೆ ಹೋಯಿತು. ಸೈಜುಗಲ್ಲುಗಳ ಮೇಲೆ ಈಗ ನೀರಿನ ಸಿಂಟೆಕ್ಸ್ ಇದೆ. ಅಜ್ಜಿ ನಾಲ್ಕು ವರ್ಷಕ್ಕೆ ತೀರಿಕೊಂಡಿತು.

ನನಗೆ ಕಂಡಕ್ಟರ್ ಕೆಲಸ ಸಿಕ್ಕ ಹೊಸದರಲ್ಲಿ ಒಂದು ಮಧ್ಯಾಹ್ನ ಅಪ್ಪ ನನ್ನ ಬಸ್ಸಿಗೇ ಹತ್ತಿದ, ಚಾಮರಾಜನಗರದಲ್ಲಿ. ಬಿಸಿಲಿಗೆ ಬಸ್ಸು ಖಾಲಿ. ಟಿಕೆಟ್ ಕೊಟ್ಟು ಮುಗಿಸಿ ಅವನ ಪಕ್ಕ ಕೂತೆ. ನನ್ನ ಖಾಕಿ ಅಂಗಿಯ ಕಾಲರನ್ನು ಸರಿಮಾಡಿದ. ಆಮೇಲೆ, ಕೇಳದೆಯೇ, ಕಿಟಕಿಯ ಆಚೆ ನೋಡಿಕೊಂಡು ಅಂದ:

"ಗಡ್ಡೆ ತೆಗೀಲಿಲ್ಲ ಕಣವ್ವ. ಒಟ್ಟೆ ಬಗೆದು ನೋಡುದ್ರು. ಎಲ್ಲಾ ಕಡೆ ಅರ್ಡ್ಕಂಡದೆ ಅಂತ ಅಂಗೇ ಒಲ್ದುಬುಟ್ರು. ಎರಡು ತಿಂಗ್ಳು, ಎಚ್ಚಂದ್ರೆ ಮೂರು ಅಂದ್ರು. ಅವ್ಳ್ಗೂ ಗೊತ್ತಿತ್ತು."

"ಅವ್ವಂಗೆ ಗೊತ್ತಿತ್ತಾ?"

"ಊಂ. ಗಾಡಿಲಿ ಬರುವಾಗ ನಂಜನಗೂಡು ದಾಟುದ್ ಮೇಲೆ ಯೋಳುದ್ಲು, ಮಕ್ಳಿಗೆ ಯೋಳ್ಬ್ಯಾಡ, ಯೋಳ್ಬುಟ್ರೆ ಉಣ್ಣಕ್ಕಿಲ್ಲ ಅವು. ಉಣ್ಣದ ನೋಡ್ಬೇಕು ನಾನು ಅಂತ."

ನನಗೆ ಅಡುಗೆಮನೆಯ ಆ ಬೆಳಿಗ್ಗೆ ಹೇಳಬೇಕೆನಿಸಿತು. ಬಾಯಿ ತೆರೆದೆ. ಯಾರೋ ಹಿಂದಿನಿಂದ, "ಸ್ಟಾಪ್ ಕೊಡವ್ವೋ" ಅಂದರು. ಎದ್ದು ವಿಷಲ್ ಹಾಕಿದೆ. ಮತ್ತೆ ಆ ಮಾತಿಗೆ ಬರಲಾಗಲಿಲ್ಲ.

ಮಾದೇಶ ಈಗ ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಜೀಪು ಓಡಿಸುತ್ತಾನೆ. ಹೋದ ತಿಂಗಳು ಅವನು ಮಡಚುವಂಥ ಹೊಸ ಗ್ರಿಲ್ಲೊಂದನ್ನು ಆನ್‌ಲೈನಿನಲ್ಲಿ ತರಿಸಿ, ರಜೆಯ ದಿನ ನನ್ನನ್ನೂ ನನ್ನ ಗಂಡನನ್ನೂ ಊರಿಗೆ ಕರೆದ. ಅದೇ ಹಿತ್ತಲು. ಪ್ಯಾಕೆಟ್ಟಿನ ಇದ್ದಿಲು, ಪ್ಯಾಕೆಟ್ಟಿನ ಮಸಾಲೆ. ಅಪ್ಪ ಒಳಗೆ ಟಿವಿ ಮುಂದೆ ಕೂತಿದ್ದ, ಕರೆದರೂ ಬರಲಿಲ್ಲ. ಇದ್ದಿಲು ಹೊತ್ತಿ ಬೂದಿ ಬೆಳ್ಳಗಾಯಿತು. ಕೋಳಿ ಸಿಡಿಯತೊಡಗಿತು. ಮಾದೇಶ ಇಕ್ಕಳ ಹಿಡಿದುಕೊಂಡು, ನನ್ನನ್ನು ನೋಡದೆ ಕೇಳಿದ:

"ಅಕ್ಕ, ನಂಗೆ ಅವ್ವ ಗ್ಯಾನನೇ ಇಲ್ಲ ಕಣ. ಕೆಂಡ ಗ್ಯಾನ ಅದೆ, ಆ ಚುಸ್ ಅನ್ನೋದು ಗ್ಯಾನ ಅದೆ. ಅವ್ವ ಇಲ್ಲ. ನಾವೆಲ್ಲ ತಿನ್ನುವಾಗ ಅವ್ವ ಎಂಗಿರ್ತಿತ್ತು? ನಗ್ತಿತ್ತಾ?"

ನಾನು ನೆನಪು ಮಾಡಿಕೊಳ್ಳಲು ಹೋದೆ. ತೊಗಲು ಗುಳ್ಳೆಯೇಳುವುದು ಕಂಡಿತು, ಅಪ್ಪನ ಬೆರಳು ಕಂಡಿತು, ಇವನ ಮೂಗಿನ ತುದಿಯ ಮಸಿ ಕಂಡಿತು. ಅವ್ವನ ಮಂಚವನ್ನು ಹೊಗೆ ತಾಗದಂತೆ ನಮ್ಮ ಹಿಂದುಗಡೆ ಹಾಕಿರುತ್ತಿದ್ದರು. ನಾವು ಬೆಂಕಿಯ ಕಡೆ ಮುಖ ಮಾಡಿ ಕೂರುತ್ತಿದ್ದೆವು. ಎರಡು ತಿಂಗಳು, ದಿನಾ ಸಂಜೆ, ಅವಳು ನಮ್ಮ ಬೆನ್ನು ನೋಡುತ್ತಾ ಕೂತಿದ್ದಳು.

"ಊಂ ಕಣ, ನಗ್ತಿತ್ತು," ಅಂದೆ.

ಅವನು ನಂಬಿದ. ಸಮಾಧಾನವಾದವನ ಹಾಗೆ ಕೋಳಿಯನ್ನು ಮಗುಚಿ ಹಾಕಿದ.

ನಾನು ಒಂದು ಸಲವೂ ತಿರುಗಿ ನೋಡಿರಲಿಲ್ಲ.